‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ನಿಮ್ಮನ್ನು ಬ್ಲಾಕ್ ಮಾಡಿದ್ದಾರೆ ಎಂದರ್ಥವೇ?

ಇಂಟರ್ನೆಟ್ ಮನೆಮನೆಗೆ ಬರುವ ಮೊದಲೇ ಹವ್ಯಾಸಿಗಳು ಕಂಪ್ಯೂಟರಿಗೆ ಮೋಡೆಮ್ ಜೋಡಿಸಿ, ಫೋನ್ ಲೈನಿನಲ್ಲಿ ಸಂದೇಶ ಹಂಚಿಕೊಳ್ಳುತ್ತಿದ್ದರು. ಇದಕ್ಕೆ ಬುಲೆಟಿನ್ ಬೋರ್ಡ್ ಸಿಸ್ಟಂ, ಅಂದರೆ ಬಿಬಿಎಸ್ ಎಂದು ಹೆಸರು. 1984ರಲ್ಲಿ ಅಮೆರಿಕದ ಟಾಮ್ ಜೆನ್ನಿಂಗ್ಸ್ ಇವುಗಳ ನಡುವೆ ಅಂಚೆ ಸಾಗಿಸಲು ‘ಫಿಡೋನೆಟ್’ ಶುರು ಮಾಡಿದರು. ಅದು ಇಂದಿಗೂ ಜೀವಂತ. ಆದರೆ ಅಂಚೆ ಈಗ ಹೆಚ್ಚಾಗಿ ಇಂಟರ್ನೆಟ್ ಮೂಲಕ, ‘ಬಿಂಕ್‌ಪಿ’ ಎಂಬ ವಿಧಾನದಲ್ಲಿ ಹೋಗುತ್ತದೆ.

ಈ ಅಂಚೆ ನಿಂತಾಗ ಆಗಾಗ ಕಾಣುವ ಸಂದೇಶ ‘ಕನೆಕ್ಷನ್ ರೆಫ್ಯೂಸ್ಡ್’. ಆ ಕಡೆಯವರು ಬೇಕೆಂದೇ ತಡೆದಿದ್ದಾರೆ ಎಂದು ಕೆಲವರು ಮುನಿಸಿಕೊಳ್ಳುತ್ತಾರೆ. ಇನ್ನು ಕೆಲವರು ಫೈರ್‌ವಾಲನ್ನೇ ಆಫ್ ಮಾಡಿ ಅಪಾಯ ತಂದುಕೊಳ್ಳುತ್ತಾರೆ. ಎರಡೂ ಆತುರದ ಕೆಲಸ.

ನಿಜಕ್ಕೂ ಏನಾಗುತ್ತದೆ?

ಕಂಪ್ಯೂಟರನ್ನು ಒಂದು ಕಟ್ಟಡ ಎಂದುಕೊಳ್ಳಿ, ಪೋರ್ಟ್ ಎಂದರೆ ಕೋಣೆ ಸಂಖ್ಯೆ. ಬಿಂಕ್‌ಪಿಯದು 24554. ನಾವು ಬಾಗಿಲು ತಟ್ಟಿದಾಗ ಕೋಣೆಯಲ್ಲಿ ಯಾರೂ ಇಲ್ಲದಿದ್ದರೆ, ಕಟ್ಟಡವೇ ‘ಇಲ್ಲಿ ಯಾರಿಲ್ಲ’ ಎಂದು ತಕ್ಷಣ ಉತ್ತರಿಸುತ್ತದೆ. ಅದೇ ‘ರೆಫ್ಯೂಸ್ಡ್’. ಉತ್ತರವೇ ಬಾರದೆ ಕಾದು ಕಾದು ಸುಸ್ತಾದರೆ ಅದು ‘ಟೈಮ್‌ಔಟ್’. ಅನೇಕ ಫೈರ್‌ವಾಲ್‌ಗಳು ಹೀಗೆ ಮೌನವಾಗಿಯೇ ತಡೆಯುತ್ತವೆ. ‘ಇಲ್ಲ’ ಎಂದು ಉತ್ತರ ಕೊಡುವಂತೆ ಹೊಂದಿಸಿದ ಫೈರ್‌ವಾಲ್‌ಗಳೂ ಉಂಟು.

ಪಾಸ್‌ವರ್ಡ್ ತಪ್ಪಾಗಿರಬಹುದೇ? ಅಲ್ಲ. ಪಾಸ್‌ವರ್ಡ್ ಕೇಳುವುದು ಬಾಗಿಲು ತೆರೆದ ಮೇಲೆ.

ಏನೇನು ನೋಡಬೇಕು?

1. ಆ ಕಡೆ ಅಂಚೆ ಸಾಫ್ಟ್‌ವೇರ್ ಚಾಲೂ ಇದೆಯೇ? ಕಂಪ್ಯೂಟರ್ ರೀಸ್ಟಾರ್ಟ್ ಆದ ಮೇಲೆ ಅದು ತಾನಾಗಿ ಶುರುವಾಗದೇ ಇರಬಹುದು.

2. ಅದು 127.0.0.1 ಎಂಬ ವಿಳಾಸದಲ್ಲಿ ಮಾತ್ರ ಕಿವಿಗೊಟ್ಟಿದೆಯೇ? ಹಾಗಿದ್ದರೆ ಆ ಕಂಪ್ಯೂಟರಿನ ಒಳಗಿನ ಕರೆ ಮಾತ್ರ ಅದಕ್ಕೆ ಕೇಳಿಸುತ್ತದೆ.

3. ವಿಳಾಸ, ಪೋರ್ಟ್ ಸರಿಯೇ? ಫಿಡೋನೆಟ್‌ನ ವಿಳಾಸಪಟ್ಟಿಯಾದ ‘ನೋಡ್‌ಲಿಸ್ಟ್’ನಲ್ಲಿ ಹಳೆಯ ವಿವರ ಉಳಿದಿರಬಹುದು. ಮನೆಯ ಐಪಿ ವಿಳಾಸವೂ ಬದಲಾಗುತ್ತಿರುತ್ತದೆ.

4. ರೂಟರ್ ಈ ಪೋರ್ಟಿಗೆ ಬಂದ ಕರೆಯನ್ನು ಸರಿಯಾದ ಕಂಪ್ಯೂಟರಿಗೆ ಕಳಿಸುತ್ತಿದೆಯೇ?

ಪರೀಕ್ಷೆ ಮಾಡುವಾಗ ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾ ಬಳಸಿ. ಕೆಲವು ರೂಟರ್‌ಗಳಲ್ಲಿ ಮನೆಯೊಳಗಿನಿಂದ ನಮ್ಮದೇ ಹೊರಗಿನ ವಿಳಾಸಕ್ಕೆ ಕರೆ ಹೋಗುವುದಿಲ್ಲ. ಎಲ್ಲ ಸರಿಯಿದ್ದರೂ ಕೆಟ್ಟಂತೆ ಕಾಣುತ್ತದೆ. ಹಾಗೆಯೇ ಒಂದೇ ಐಪಿ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ಇಂಟರ್ನೆಟ್ ಸಂಪರ್ಕವಿದ್ದರೆ, ಹೊರಗಿನ ಕರೆ ನಿಮ್ಮ ರೂಟರ್‌ವರೆಗೆ ಬರುವುದೇ ಇಲ್ಲ. ಆಗ ಅಂಚೆಗಾಗಿ ಕಾಯುವ ಬದಲು ನೀವೇ ಆ ಕಡೆಗೆ ಕರೆಮಾಡಿ ಅಂಚೆ ತಂದುಕೊಳ್ಳಬಹುದು.

ನಮ್ಮ ತೀರ್ಮಾನ

ನಿಮ್ಮ ಫೋನಿನ ಬ್ರೌಸರ್‌ನಲ್ಲಿ ಇದೇ ಸಂದೇಶ ಕಂಡರೂ ಅರ್ಥ ಇದೇ. ‘ರೆಫ್ಯೂಸ್ಡ್’ ಸಾಮಾನ್ಯವಾಗಿ ಹಗೆಯ ಗುರುತಲ್ಲ, ಹ್ಯಾಕ್ ಆಗಿದೆ ಎಂಬುದಕ್ಕೆ ಸಾಕ್ಷಿಯೂ ಅಲ್ಲ. ಫೈರ್‌ವಾಲ್ ಆಫ್ ಮಾಡುವ ಮೊದಲು, ಸ್ನೇಹಿತರ ಮೇಲೆ ಸಿಟ್ಟಾಗುವ ಮೊದಲು, ‘ನಿಮ್ಮ ಕಡೆ ಸಾಫ್ಟ್‌ವೇರ್ ಓಡುತ್ತಿದೆಯೇ?’ ಎಂದು ಒಂದು ಮಾತು ಕೇಳಿ.