ನಗರದ ಬಾವಿ ಮತ್ತು ಬಾಣದ ಕರ್ಮಶಾಲೆ

ಶಿವಮೊಗ್ಗೆಯ ಶಿವಪ್ಪನಾಯಕನ ಅರಮನೆಯಲ್ಲಿರುವ ವಸ್ತುಸಂಗ್ರಹಾಲಯವನ್ನು ಹೊಕ್ಕು, ಹೊಸನಗರ ತಾಲ್ಲೂಕಿನ ನಗರದ ಬಾವಿಯಿಂದ ಮೇಲೆದ್ದು ಬಂದ ಕಬ್ಬಿಣದ ಕೊಳವೆಗಳ ಎದುರು ನಿಂತ ಘಳಿಗೆಯ ಪುಳಕವು ನನ್ನಲ್ಲಿ ಇನ್ನೂ ಆರಿಲ್ಲ. 23ರಿಂದ 26 ಸೆಂಟಿಮೀಟರ್, ಎಂದರೆ ಸುಮಾರು ಗೇಣುದ್ದ. ತುಕ್ಕು ಹಿಡಿದ ಮೈ ಜಂಬಿಟ್ಟಿಗೆಯಂತೆ ಒರಟು. ಒಳಗೆ ಗಟ್ಟಿಗೊಂಡ ಮದ್ದು. ಇವು ಟಿಪ್ಪುವಿನ ಕಾಲದ, ಹಾರದೆ ಉಳಿದ ರಾಕೆಟ್ಟುಗಳು. 2002ರಲ್ಲಿ ನೂರಕ್ಕೂ ಮಿಕ್ಕಿ ದೊರೆತಿದ್ದವು; 2018ರ ಜುಲೈಯಲ್ಲಿ ಹಾಳುಬಾವಿಯೊಂದರ ಕೆಸರು ಮದ್ದಿನ ವಾಸನೆ ಬೀರುತ್ತಿದ್ದುದನ್ನು ಗಮನಿಸಿ ರಾಜ್ಯ ಪುರಾತತ್ತ್ವ ಇಲಾಖೆಯವರು ಅಗೆಸಿದಾಗ ಸಾವಿರಕ್ಕೂ ಹೆಚ್ಚು ಹೊರಬಂದವು.

ಕೆಳದಿ, ಇಕ್ಕೇರಿಗಳನ್ನು ಬಿಟ್ಟು ನಾಯಕರು ಇಂದಿನ ನಗರವಾದ ಬಿದನೂರಿಗೆ ರಾಜಧಾನಿಯನ್ನೊಯ್ದ ಕಥೆ ಸಾಗರ ಸೀಮೆಯ ಮಕ್ಕಳಿಗೂ ಬಾಯಿಪಾಠ. 1763ರಲ್ಲಿ ರಾಣಿ ವೀರಮ್ಮಾಜಿಯಿಂದ ಅದನ್ನು ಕಸಿದುಕೊಂಡ ಹೈದರನು ಹೈದರನಗರವೆಂದು ಹೆಸರಿಟ್ಟು, ಟಂಕಸಾಲೆಯ ಜೊತೆಗೆ ತನ್ನ ಮುಖ್ಯ ಶಸ್ತ್ರಾಗಾರವನ್ನೂ ಅಲ್ಲಿ ನೆಲೆಗೊಳಿಸಿದನು. ಟಿಪ್ಪುವು ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗಗಳಲ್ಲಿದ್ದಂತೆ ಇಲ್ಲಿಯೂ ತಾರಾಮಂಡಲಪೇಟೆಯೆಂಬ ಬಾಣಗಾರರ ಬೀದಿಯನ್ನು ನಡೆಸಿದನು.

ಕೋಟೆಯ ಏರನ್ನು ಹತ್ತಿ, ಕೊಳಗಳ ದಂಡೆಯಲ್ಲಿ ಕುಳಿತು ನಾನು ಯೋಚಿಸಿದ್ದು ಒಂದೇ ವಿಷಯ: ಕೋವಿ ಮಾಡುತ್ತಿದ್ದ ಕೈಗಳು ರಾಕೆಟ್ಟಿಗೆ ಹೊರಳಿದ್ದು ಹೇಗೆ? ಕೋವಿಯ ನಳಿಗೆಯೆಂದರೆ ಕಾಸಿದ ಕಬ್ಬಿಣದ ಪಟ್ಟಿಯನ್ನು ಸಲಾಕೆಯ ಸುತ್ತ ಬಳಸಿ, ಅಂಚಿಗೆ ಅಂಚು ಸೇರುವಂತೆ ಬಡಿದು ಬೆಸೆದದ್ದು. ರಾಕೆಟ್ಟಿನ ಕೊಳವೆಯೂ ಬಡಿದ ಮೆದುಕಬ್ಬಿಣದ್ದೇ, ಮೋಟಾಗಿ, ಒಂದು ತುದಿ ಮುಚ್ಚಿ, ಇನ್ನೊಂದರಲ್ಲಿ ಬೆಂಕಿ ಹೊರಬೀಳಲು ಕಿಂಡಿ ಬಿಟ್ಟದ್ದು. ಪೆಟ್ಲುಪ್ಪು, ಇದ್ದಲು, ಗಂಧಕಗಳ ಮದ್ದು ಮೊದಲೇ ಇತ್ತು. ಬಾಲದ ಕೋಲಾಗುವ ಬಿದಿರಿಗೆ ಮಲೆನಾಡಿನಲ್ಲಿ ಬರವಿಲ್ಲ. ಕಟ್ಟಲು ತೊಗಲಿನ ಪಟ್ಟಿ. ಫಿರಂಗಿಯನ್ನು ಎರಕ ಹೊಯ್ದು ಕೊರೆಯುವ ಭಾರೀ ಯಂತ್ರವಿಲ್ಲದೆ, ಅದೇ ಕುಲುಮೆ, ಅದೇ ಅಡಿಗಲ್ಲು, ಅದೇ ಸುತ್ತಿಗೆಯಿಂದ, ಎರಡು ಕಿಲೋಮೀಟರಿನವರೆಗೂ ಹಾರಬಲ್ಲ ಅಸ್ತ್ರವನ್ನು ಸಿದ್ಧಪಡಿಸುವುದು ಸಾಧ್ಯವಾಯಿತೆಂದು ನಾನು ದೃಢವಾಗಿ ನಂಬುತ್ತೇನೆ.

ಆದರೆ ಅವು ಬಾವಿ ಸೇರಿದ್ದೇಕೆ? ಈ ಪ್ರಶ್ನೆ ನನ್ನನ್ನು ಬಿಡಲೊಲ್ಲದು. 1783ರ ಜನವರಿಯಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಘಟ್ಟವನ್ನೇರಿ ಬಂದಾಗ ನಗರದ ಅಧಿಪತಿ ಅಯಾಜ್ ಖಾನನು ಊರನ್ನೊಪ್ಪಿಸಿದನು. ಅದೇ ವರ್ಷದ ಬೇಸಗೆಯಲ್ಲಿ ಟಿಪ್ಪುವು ಮುತ್ತಿಗೆ ಹಾಕಿ ಮರಳಿ ಪಡೆದನು. ಆ ಅಲ್ಲೋಲಕಲ್ಲೋಲದಲ್ಲೋ, 1799ರಲ್ಲಿ ಶ್ರೀರಂಗಪಟ್ಟಣದ ಪತನದ ಅನಂತರವೋ, ಯಾರೋ ಇವುಗಳನ್ನು ಬಾವಿಗೆ ಸುರಿದಿರಬೇಕು. ಬಚ್ಚಿಡುವುದೇ ಉದ್ದೇಶವಾಗಿದ್ದರೆ ಹುಲಿಕಲ್ಲು ಘಟ್ಟದ ನೆತ್ತಿಯ ಈ ಮಳೆಸೀಮೆಯಲ್ಲಿ, ತೇವ ತಾಗಿದರೆ ಕೆಡುವ ಮದ್ದನ್ನು ನೀರಿನ ತಾಣಕ್ಕೆ ಹಾಕುವರೇ? ಒಣ ನೆಲಮಾಳಿಗೆ ಸಿಗಲಿಲ್ಲವೇ? ತೀರ್ಥಹಳ್ಳಿಯತ್ತಣ ಕವಲೇದುರ್ಗದ ಗಟ್ಟಿ ಕೋಟೆ ದೂರವೇ? ಶತ್ರುವಿನ ಕೈಗೆ ಸಿಕ್ಕರೂ ಉಪಯೋಗಕ್ಕೆ ಬಾರದಿರಲೆಂದೇ ಮುಳುಗಿಸಿದರೆಂಬ ಊಹೆಯ ಕಡೆಗೇ ನನ್ನ ಮನಸ್ಸು ಒಲಿಯುತ್ತದೆ.

ಹಿಂದಿರುಗುವಾಗ ಸಾಗರದ ಅಣ್ಣನ ಮನೆಯಲ್ಲಿ ತಂಗಿದೆನು. ಅವನ ಮಗ ಕಂಪ್ಯೂಟರಿನಲ್ಲಿ ‘ಹಾರ್ಟ್ಸ್ ಆಫ್ ಐರನ್ 4’ ಎಂಬ ಯುದ್ಧತಂತ್ರದ ಆಟವನ್ನಾಡುತ್ತಿದ್ದ. ಸ್ವೀಡನ್ನಿನ ಪ್ಯಾರಡಾಕ್ಸ್ ಸಂಸ್ಥೆ ಅದನ್ನು ಹೊರತಂದದ್ದು 2016ರಲ್ಲಿ. “ಚಿಕ್ಕಪ್ಪ, ಇಲ್ಲಿ ನೋಡಿ, ಹಳೇ ಬಂದೂಕು ಬಿಟ್ಟು ಟ್ಯಾಂಕು ಹಾಕಿದೆ, ಫ್ಯಾಕ್ಟರಿ ಕೆಲಸ ಕುಸಿದೇ ಹೋಯ್ತು!” ಎಂದ. ಆ ಆಟದಲ್ಲಿ ಅದೇ ವಂಶದ ಸುಧಾರಿತ ಆಯುಧವನ್ನು ಆಯ್ದಾಗ ತಯಾರಿಕೆಯ ದಕ್ಷತೆಯ ಕುಸಿತ ಕಡಮೆ. ಹೊಸ ಆಯುಧವು ಹಳೆಯ ಕೌಶಲಕ್ಕೆ ಎಷ್ಟು ಸಮೀಪವೋ ನಷ್ಟವೂ ಅಷ್ಟು ಅಲ್ಪವೆಂಬ ಈ ತತ್ತ್ವವನ್ನು ಪರದೆಯ ಮೇಲಿನ ಒಂದು ಅಂಕಿಯಲ್ಲಿ ತೋರಿಸಿದವರ ಜಾಣ್ಮೆಯನ್ನು ಮನಸಾರೆ ಮೆಚ್ಚಿದೆನು. ಆದರೂ ಆಟದಲ್ಲಿ ಕಮ್ಮಾರನಿಗೆ ಮುಖವಿಲ್ಲ, ಕಾಡಿನಲ್ಲಿ ಇದ್ದಲು ಸುಡುವವನು ಕಾಣುವುದೇ ಇಲ್ಲ. ಇದು ನನಗೆ ನೋವಿನ ಸಂಗತಿ.

ಆಟವು ಚಿತ್ರಿಸುವ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲಿಯೂ ಅಂಥದೊಂದು ಹೊರಳುವಿಕೆ ನಡೆಯಿತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ಸಹಯೋಗದಿಂದ ಆರಂಭಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು, ಮರುವರ್ಷ ಹಾರ್ಲೋ ತರಬೇತಿ ವಿಮಾನವನ್ನು ಹಾರಿಸಿದ್ದರೂ, 1943ರಲ್ಲಿ ಅಮೆರಿಕದ ಸೇನೆಯ ಆಡಳಿತಕ್ಕೆ ಒಳಪಟ್ಟು, ನಿರ್ಮಾಣವನ್ನು ಬದಿಗಿಟ್ಟು ದುರಸ್ತಿಯ ನೆಲೆಯಾಯಿತು. ದುರಸ್ತಿಗೆ ಬಂದ ಕಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದವು. ಯುದ್ಧ ಮುಗಿದ ಬಳಿಕ ಅಲ್ಲಿಯೇ ರೈಲುಬೋಗಿಗಳು ಸಿದ್ಧವಾದವು.

ಮತ್ತೆ ರಾಕೆಟ್ಟಿನ ಕಥೆಗೆ ಬಂದರೆ, ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ರಾಕೆಟ್ಟುಗಳು ಇಂಗ್ಲೆಂಡಿನ ವುಲಿಚ್‌ಗೆ ಹೋದವು. ವಿಜ್ಞಾನಿ ರೊದ್ದಂ ನರಸಿಂಹ ಅವರು ಆಸ್ಥೆಯಿಂದ ಅಭ್ಯಸಿಸಿದ ಆ ಇತಿಹಾಸದಲ್ಲಿ ಬರುವ, ಅಲ್ಲಿ ಉಳಿದುಕೊಂಡಿದ್ದ ಕೊಳವೆಯೊಂದರ ಉದ್ದ 254 ಮಿಲಿಮೀಟರ್. ನಗರದ ಬಾವಿಯವುಗಳಿಗೆ ಸರಿಸಮಾನ. ಕಬ್ಬಿಣಕ್ಕಾಗಲಿ ಮದ್ದಿಗಾಗಲಿ ಕೊರತೆಯಿಲ್ಲದ ಇಂಗ್ಲೆಂಡಿನಲ್ಲಿಯೂ ವಿಲಿಯಂ ಕಾಂಗ್ರೀವನು 1804ರ ಹೊತ್ತಿಗೆ ಪ್ರಯೋಗಗಳನ್ನಾರಂಭಿಸಿ, 1806ರಲ್ಲಿ ಬೂಲೋನ್ ಬಂದರಿನ ಮೇಲೆ, ಮರುವರ್ಷ ಕೋಪನ್‌ಹೇಗನ್ನಿನ ಮೇಲೆ ತನ್ನ ರಾಕೆಟ್ಟುಗಳು ಹಾರುವುದನ್ನು ಕಂಡನು.