ಎರಡನೆಯ ಬೈಕು ಯಾರಿಗಾಗಿ?

ಸೋದರಿಯರೇ, ಬೈಕಿನ ವಿಷಯ ಗಂಡಸರದ್ದು, ನಮಗ್ಯಾಕೆ ಎಂದು ಈ ಪುಟ ಮಗುಚಬೇಡಿ. ಒಂದು ಕುಕ್ಕರ್ ಕೊಳ್ಳಲು ನಾಲ್ಕು ಅಂಗಡಿ ತಿರುಗುವವರು ನಾವು. ಲಕ್ಷ ರೂಪಾಯಿ ದಾಟಿದ ಗಾಡಿ ಮನೆಗೆ ಬರುವಾಗ ಮಾತ್ರ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತೇವೆ. ನಾನೂ ಹಾಗೆ ನಿಂತವಳೇ. ಆಮೇಲೆ ಬುದ್ಧಿ ಬಂತು. ಅದು ಹೇಗೆಂದು ಹೇಳುತ್ತೇನೆ, ಕೇಳಿ.

ನಮ್ಮದು ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ, ಆಂಧ್ರದ ಗಡಿಗೆ ಹತ್ತಿರದ ಊರು. ಶೇಂಗಾ ಹೊಲಕ್ಕೆ ಹೋಗುವ ದಾರಿ ಅರ್ಧ ಕಲ್ಲು, ಅರ್ಧ ಮರಳು. ನಾಲ್ಕು ವರ್ಷದ ಹಿಂದೆ ಮಗ ಹಿಮಾಲಯನ್ ಬೈಕು ತಂದ, 411 ಸಿ.ಸಿ.ಯದು. ಗುಡ್ಡ ಹತ್ತುವ, ಕಚ್ಚಾ ದಾರಿಯಲ್ಲಿ ಓಡುವ ಗಾಡಿ. ಭಾನುವಾರ ಬಂತೆಂದರೆ ಗೆಳೆಯರ ಜೊತೆ ಜೋಗಿಮಟ್ಟಿ, ಇಲ್ಲವೇ ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿ. ಅಲ್ಲಿ ಅಶೋಕನ ಶಾಸನವಿದೆಯಲ್ಲ, ಅದನ್ನು ನಾನು ನೋಡಿದ್ದು ಮಗನ ಫೋನಿನಲ್ಲೇ!

ಹೋದ ವರ್ಷ ಶೇಂಗಾ ಕೀಳುವ ಕಾಲ. ಸಂಜೆ ಹೊಲದಲ್ಲಿ ನಮ್ಮೆಜಮಾನರಿಗೆ ಚೇಳು ಕಡಿಯಿತು. ಮಗ ಕೆಲಸದ ಸಂದರ್ಶನಕ್ಕೆಂದು ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿದ್ದ. ಬೈಕು ಅಂಗಳದಲ್ಲೇ ಇತ್ತು. ಮಗಳಿಗೆ ಗೇರಿನ ಗಾಡಿ ಓಡಿಸಲು ಬರುತ್ತದೆ, ಲೈಸೆನ್ಸೂ ಇದೆ. ಧೈರ್ಯ ಮಾಡಿ ಹತ್ತಿದಳು. ಗೇಟಿನ ಹತ್ತಿರ ತಿರುಗಿಸುವಾಗ ಕಾಲು ನೆಲಕ್ಕೆ ಸರಿಯಾಗಿ ಎಟುಕಲಿಲ್ಲ, ಗಾಡಿ ವಾಲಿತು, ಬಿತ್ತು. ಪುಣ್ಯಕ್ಕೆ ಅವಳಿಗೇನೂ ಆಗಲಿಲ್ಲ. ಪೆಟ್ರೋಲು ತುಂಬಿದರೆ ಹೆಚ್ಚೂಕಮ್ಮಿ ಎರಡು ಕ್ವಿಂಟಾಲಿನ ಗಾಡಿ ಅದು. ಅಮ್ಮ ಮಗಳು ಇಬ್ಬರೂ ಸೇರಿ ಎತ್ತಿದರೂ ಏಳಲಿಲ್ಲ. ಕೊನೆಗೆ ಪಕ್ಕದ ಮನೆಯವರ ಲಗೇಜ್ ಆಟೋದಲ್ಲಿ ಹೊಲಕ್ಕೆ ಹೋಗಿ ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ದೇವರು ದೊಡ್ಡವನು, ಎರಡು ದಿನದಲ್ಲಿ ಮನೆಗೆ ಬಂದರು.

ಎರಡು ತಿಂಗಳಾಯಿತು. ಮಗನಿಗೆ ಕೆಲಸವೂ ಸಿಕ್ಕಿತು. ಮೊದಲ ಸಂಬಳ ಕೈಗೆ ಬರುವ ಮೊದಲೇ, "ಅಮ್ಮಾ, ಹೊಸಾ ಹಿಮಾಲಯನ್ ಬಂದೈತೆ, 450. ಇದೂ ಇರಲಿ, ಅದೂ ತರಾಣ" ಅಂದ. ಅದು 2023ರಲ್ಲಿ ಬಂದ ಮಾದರಿಯಂತೆ. ಚೀಟಿ ಎತ್ತಿದ ದುಡ್ಡು ನನ್ನ ಕೈಯಲ್ಲಿದೆ ಎಂದು ಅವನಿಗೆ ಗೊತ್ತು!

ನಾನು ಕೇಳಿದ್ದು ಒಂದೇ ಮಾತು: "ಆ ದಿನ ಆ ಗಾಡಿ ಇದ್ದಿದ್ದರೆ ನಿನ್ನ ತಂಗಿ ಓಡಿಸ್ತಿದ್ದಳೇನೋ?" ಮಗ ಸುಮ್ಮನಾದ. ಸಂಜೆ ಅವನೇ ತಂಗಿಯನ್ನು ಕೂರಿಸಿಕೊಂಡು ಲೆಕ್ಕ ಹಾಕತೊಡಗಿದ.

ಎರಡನೆಯ ಬೈಕು ಮೊದಲನೆಯದರ ಅಣ್ಣನಾಗಬಾರದು. ಮೊದಲನೆಯದು ಮಾಡಲಾರದ ಕೆಲಸವನ್ನು ಅದು ಮಾಡಬೇಕು. ಮೊದಲನೆಯದನ್ನು ಓಡಿಸಲಾಗದವರಿಗೆ ಅದು ಒದಗಬೇಕು. ಸ್ಕೂಟರು ಸಾಲದೇ ಎಂದು ನೀವು ಕೇಳಬಹುದು. ಟಾರು ರಸ್ತೆಗೆ ಸಾಕು. ನಮ್ಮ ಹೊಲದ ದಾರಿಯಲ್ಲಿ ಅದರ ಸಣ್ಣ ಗಾಲಿ ಮರಳಲ್ಲಿ ಹೂತು, ಹೊಟ್ಟೆ ಕಲ್ಲಿಗೆ ತಾಗುತ್ತದೆ. ಜೊತೆಗೆ ಮಗಳಿಗೂ ಬ್ರಹ್ಮಗಿರಿ ನೋಡುವ ಆಸೆ ಇದೆ, ಇರಬಾರದೇ? ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಎಂಬ ಹೆಣ್ಣುಮಗಳು 2019ರಲ್ಲಿ ಕಚ್ಚಾ ದಾರಿಯ ಬೈಕ್ ರ‍್ಯಾಲಿಯ ಮಹಿಳೆಯರ ವಿಭಾಗದಲ್ಲಿ ವಿಶ್ವಕಪ್ಪನ್ನೇ ಗೆದ್ದಳು.

ನಾವು ಆರಿಸಿದ ಬಗೆ ಹೀಗೆ:

ಮೊದಲು ತೂಕ. ಹೀರೋ ಎಕ್ಸ್‌ಪಲ್ಸ್ 200 ಸುಮಾರು 160 ಕಿಲೋ, ಸುಜುಕಿ ವಿ-ಸ್ಟ್ರಾಮ್ 250 ಅದಕ್ಕಿಂತ ಸ್ವಲ್ಪ ಹೆಚ್ಚು. 2022ರಲ್ಲಿ ಬಂದ ಯೆಜ್ಡಿ ಅಡ್ವೆಂಚರ್ ಹಿಮಾಲಯನ್ನಿನಷ್ಟೇ ಭಾರ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೇ ಯೆಜ್ಡಿಯ ನೆನಪಿಗೆ ನಮ್ಮೆಜಮಾನರು ಅದನ್ನೇ ಹಿಡಿದಿದ್ದರು. ಆ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ನೆನಪು ಬೇರೆ, ಭಾರ ಬೇರೆ ಎಂದು ಒಪ್ಪಿಸಿದೆ.

ಎರಡನೆಯದು ಎತ್ತರ. ಈ ಜಾತಿಯ ಗಾಡಿಗಳ ಸೀಟು ನೆಲದಿಂದ ಎರಡೂಮುಕ್ಕಾಲು ಅಡಿಯ ಆಸುಪಾಸಿನಲ್ಲಿರುತ್ತದೆ. ಕಾಗದದಲ್ಲಿ ಓದಿದರೆ ತಿಳಿಯದು. ಓಡಿಸುವವಳೇ ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು ಕೂತು ನೋಡಬೇಕು. ಒಂದು ಪಾದ ಪೂರ್ತಿ ಊರಬೇಕು, ಇಲ್ಲವೇ ಎರಡೂ ಕಾಲಿನ ಮುಂಗಾಲು ಗಟ್ಟಿಯಾಗಿ ನಿಲ್ಲಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಇಲ್ಲಿ ಕಾಲು ಇದ್ದಷ್ಟು ಗಾಡಿ ಆರಿಸಬೇಕು.

ಮೂರನೆಯದು ಪಂಕ್ಚರು. ವಿ-ಸ್ಟ್ರಾಮ್‌ನದು ಟ್ಯೂಬ್‌ಲೆಸ್ ಟೈರು. ಹಿಮಾಲಯನ್ 411, ಎಕ್ಸ್‌ಪಲ್ಸ್ 200 ಎರಡಕ್ಕೂ ಕಡ್ಡಿ ಗಾಲಿ, ಒಳಗೆ ಟ್ಯೂಬು. ಮುಂದಿನ ಗಾಲಿ ಎರಡರದ್ದೂ 21 ಅಂಗುಲ, ಟೈರಿನ ಅಳತೆಯೂ ಒಂದೇ. ಮನೆಯಲ್ಲಿ ಒಂದು ಟ್ಯೂಬು ಇಟ್ಟರೆ ಎರಡಕ್ಕೂ ಆಯಿತು.

ನಾಲ್ಕನೆಯದು ದುಡ್ಡು. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಹೊಸ ಬೈಕಿಗೆ ಜಿ.ಎಸ್.ಟಿ. ಶೇ. 18, ಅದರ ಮೇಲಿನದಕ್ಕೆ ಶೇ. 40. ಮಗ ಕೇಳಿದ 450 ಯಾವ ಲೆಕ್ಕಕ್ಕೆ ಬಂತು ಎಂದು ನೀವೇ ಹೇಳಿ. ಹಳೆಯದು ಕೊಳ್ಳುವವರು ಆರ್.ಸಿ., ವಿಮೆ ನೋಡಿ. ಆರ್.ಸಿ.ಯಲ್ಲಿ ಬ್ಯಾಂಕಿನ ಸಾಲದ ನಮೂದಿದ್ದರೆ ಅದನ್ನು ತೆಗೆಸಿದ ಮೇಲೆಯೇ ದುಡ್ಡು ಕೊಡಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿ ಆಗಲೇ ಹಾಕಿಸಿಕೊಳ್ಳಿ. ಎರಡು ಹೆಲ್ಮೆಟ್ಟಿನ ದುಡ್ಡನ್ನು ಬೈಕಿನ ಲೆಕ್ಕದಲ್ಲೇ ಸೇರಿಸಿ.

ಕೊನೆಗೆ ಎರಡು ವರ್ಷ ಓಡಿದ ಎಕ್ಸ್‌ಪಲ್ಸ್ ತಂದೆವು. ಚೀಟಿ ದುಡ್ಡಿನಲ್ಲೇ ಮುಗಿಯಿತು, ಸಾಲವಿಲ್ಲ. ಆರ್.ಸಿ. ಮಗಳ ಹೆಸರಿಗೆ.

ತಂದ ಮರುದಿನ ಮಗ ಅಂಗಳದಲ್ಲಿ ಹಳೇ ಗೋಣಿಚೀಲ ಹಾಸಿ, ಬೈಕನ್ನು ಬೇಕೆಂತಲೇ ಮಲಗಿಸಿ ಎತ್ತುವುದನ್ನು ಹೇಳಿಕೊಟ್ಟ. ನೀವೂ ತಿಳಿದಿರಿ. ಮೊದಲು ಕೀಲಿ ಬಂದ್ ಮಾಡಿ, ಗಾಡಿ ಗೇರಿನಲ್ಲಿರಲಿ. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ತೆಗೆದಿಡಿ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿ ಹಿಡಿಯಿರಿ. ಬೆನ್ನು ಬಾಗಿಸದೆ ಕಾಲಿನ ಬಲದಿಂದ ಹಿಂದಕ್ಕೆ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಏಳಿ. ಮಗಳು ಮೂರನೇ ಸಲಕ್ಕೆ ಒಬ್ಬಳೇ ಎತ್ತಿದಳು. ನಮ್ಮೆಜಮಾನರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು, ಏನೂ ಮಾತಾಡಲಿಲ್ಲ. ಮರುದಿನದಿಂದ ಹೊಲದ ಬುತ್ತಿ ಅವಳ ಬೈಕಿನಲ್ಲೇ ಹೋಗುತ್ತಿದೆ.

ಹೋದ ಭಾನುವಾರ ಅಣ್ಣ ತಂಗಿ ಎರಡೂ ಗಾಡಿಯಲ್ಲಿ ಬ್ರಹ್ಮಗಿರಿಗೆ ಹೊರಟರು. ತಂಗಿಯ ಬೈಕಿನ ಹಿಂದೆ ಸೆರಗು ಸಿಕ್ಕಿಸಿ, ಹೆಲ್ಮೆಟ್ ಹಾಕಿ ಕೂತವಳು ನಾನು. ಅಶೋಕನ ಶಾಸನವನ್ನು ಕಡೆಗೂ ಕಣ್ಣಾರೆ ಕಂಡೆ!

ನಿಮ್ಮ ಮನೆಗೂ ಎರಡನೆಯ ಗಾಡಿಯ ಮಾತು ಬಂದರೆ, "ಯಾವುದು" ಎಂದು ಕೇಳುವ ಮೊದಲು "ಯಾರಿಗೆ" ಎಂದು ಕೇಳಿ. ಆರತಿ ತಟ್ಟೆ ಆಮೇಲೆ ತಂದರಾಯಿತು.