ಪ್ರಿಂಟರ್‌ಗೆ ಕನ್ನಡ ಬರುವುದಿಲ್ಲವೇ?

ಮನೆಯ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಚೊಕ್ಕಟವಾಗಿ ಕಾಣುತ್ತದೆ. ಪೆನ್‌ಡ್ರೈವ್‌ನಲ್ಲಿ ಡಿಟಿಪಿ ಅಂಗಡಿಗೆ ಒಯ್ದು ಪ್ರಿಂಟ್ ತೆಗೆಸಿದರೆ ವಧು-ವರರ ಹೆಸರಿದ್ದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಯಾವ ಊರಾದರೂ ಬೈಸಿಕೊಳ್ಳುವುದು ಪ್ರಿಂಟರ್. ತಪ್ಪು ಮಾತ್ರ ಅದರದ್ದಲ್ಲ.

ತಪ್ಪು ಕಲ್ಪನೆ: ಪ್ರಿಂಟರ್ ಒಳಗೇ ಕನ್ನಡ ಫಾಂಟ್ ಇರಬೇಕು.

ಸತ್ಯ: ಈ ನಂಬಿಕೆಗೆ ಒಂದು ಕಾಲದಲ್ಲಿ ಆಧಾರವಿತ್ತು. 1985ರಲ್ಲಿ ಬಂದ ಆ್ಯಪಲ್ ಲೇಸರ್‌ರೈಟರ್‌ನಲ್ಲಿ ಟೈಮ್ಸ್, ಹೆಲ್ವೆಟಿಕಾ, ಕೊರಿಯರ್, ಸಿಂಬಲ್ ಎಂಬ ಫಾಂಟ್‌ಗಳು ಯಂತ್ರದೊಳಗೇ ಇದ್ದವು. ಪರದೆಗೆ ಬೇರೆ ಫಾಂಟ್. ಎರಡಕ್ಕೂ ಹೊಂದಾಣಿಕೆ ಮಾಡಲೇಬೇಕಿತ್ತು. 1992ರ ವಿಂಡೋಸ್ 3.1ರೊಂದಿಗೆ ಟ್ರೂಟೈಪ್ ಬಂದ ಮೇಲೆ ಪರದೆಗೂ ಕಾಗದಕ್ಕೂ ಒಂದೇ ಫಾಂಟ್ ಕಡತ ಸಾಕಾಯಿತು. ಅಕ್ಷರದ ಆಕಾರವನ್ನು ಕಂಪ್ಯೂಟರೇ ಕಳಿಸುತ್ತದೆ, ಪ್ರಿಂಟರ್ ಅದನ್ನು ಮೂಡಿಸುತ್ತದೆ. ಕಬ್ಬಿನ ಕಾಟಾ ಚೀಟಿ ಹೊಡೆಯುವಂಥ ಡಾಟ್ ಮ್ಯಾಟ್ರಿಕ್ಸ್ ಯಂತ್ರ ತನ್ನೊಳಗಿನ ಇಂಗ್ಲಿಷ್ ಅಕ್ಷರಗಳನ್ನು ಸರಸರ ಹೊಡೆಯುತ್ತದೆ; ಕನ್ನಡವನ್ನು ಚಿತ್ರವಾಗಿ ಕಳಿಸಬೇಕಾದ್ದರಿಂದ ನಿಧಾನ. ಆದರೆ ಅದರಲ್ಲೂ ಕನ್ನಡ ಬರುತ್ತದೆ.

ತಪ್ಪು ಕಲ್ಪನೆ: ಅಕ್ಷರ ಕೆಟ್ಟರೆ ಬೇರೆ ಕನ್ನಡ ಫಾಂಟ್ ಆರಿಸಿದರೆ ಸರಿಹೋಗುತ್ತದೆ.

ಸತ್ಯ: ನಮ್ಮ ತೊಂದರೆಯ ಬೇರು ಇಲ್ಲಿದೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ಕಡತದಲ್ಲಿ ಉಳಿಯುವುದು ಇಂಗ್ಲಿಷ್ ಸಂಕೇತವೇ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಹೊದಿಕೆ ಕಳಚಿ ಒಳಗಿನ ಇಂಗ್ಲಿಷ್ ಹೊರಬೀಳುತ್ತದೆ. ಎಲ್ಲ ಸಂಸ್ಥೆಗಳ ಸ್ಥಾನಕ್ರಮವೂ ಒಂದೇ ಅಲ್ಲ, ಹಾಗಾಗಿ ಫಾಂಟ್ ಹೆಸರು ಬದಲಿಸಿದರೆ ಸರಿಹೋಗುತ್ತದೆಂಬ ಖಾತ್ರಿಯಿಲ್ಲ. ಯೂನಿಕೋಡ್ ಹಾಗಲ್ಲ, ಅದರಲ್ಲಿ ಕನ್ನಡದ ‘ಕ’ಗೆ ತನ್ನದೇ ಸಂಕೇತವಿದೆ. ವಿಂಡೋಸ್ ಎಕ್ಸ್‌ಪಿಯ ‘ತುಂಗಾ’ದಲ್ಲಿ ಟೈಪಿಸಿದ್ದು ಇನ್ನೊಂದೆಡೆ ‘ನಿರ್ಮಲಾ’ದಲ್ಲಿ ತೆರೆದೀತು, ಸಾಲು ಮುಂದಿನ ಪುಟಕ್ಕೆ ಜಾರೀತು, ಆದರೆ ಓದಲು ಬರುತ್ತದೆ. ಹಳೆಯ ಕಡತಗಳಿಗೆ ನುಡಿ, ಬರಹ ತಂತ್ರಾಂಶಗಳಲ್ಲೇ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಲೇಬೇಕು.

ತಪ್ಪು ಕಲ್ಪನೆ: ಪಿಡಿಎಫ್ ಮಾಡಿದರೆ ಚಿಂತೆಯಿಲ್ಲ.

ಸತ್ಯ: ಫಾಂಟ್ ಅದರೊಳಗೆ ಅಡಕವಾಗಿದ್ದರೆ ಮಾತ್ರ. ಪಿಡಿಎಫ್ ಓದುವ ತಂತ್ರಾಂಶಗಳು ತಾವೇ ಒದಗಿಸಿಕೊಳ್ಳುವ 14 ಮೂಲ ಫಾಂಟ್‌ಗಳಲ್ಲಿ ಕನ್ನಡದ್ದು ಒಂದೂ ಇಲ್ಲ. ಆಕ್ರೋಬ್ಯಾಟ್ ರೀಡರ್‌ನಲ್ಲಿ ಪ್ರಾಪರ್ಟೀಸ್ ತೆರೆದು ಫಾಂಟ್ಸ್ ಪಟ್ಟಿ ನೋಡಿ. ಹೆಸರಿನ ಮುಂದೆ ‘ಎಂಬೆಡೆಡ್’ ಎಂದಿರಬೇಕು. ಹಾಗಿದ್ದೂ ಕಾಗದದ ಮೇಲೆ ಅಕ್ಷರ ಕೆಟ್ಟರೆ ಪ್ರಿಂಟ್ ಮಾಡುವಾಗ ‘ಪ್ರಿಂಟ್ ಆ್ಯಸ್ ಇಮೇಜ್’ ಆರಿಸಿ. ಆಗ ಇಡೀ ಪುಟ ಚಿತ್ರವಾಗಿ ಹೋಗುತ್ತದೆ.

ತಪ್ಪು ಕಲ್ಪನೆ: ಪರದೆ ಮೇಲೆ ಒತ್ತಕ್ಷರ ಕಲೆಸಿದಂತಿದ್ದರೆ ಫಾಂಟ್ ಕೆಟ್ಟದ್ದು.

ಸತ್ಯ: ಸಾಮಾನ್ಯ ಪರದೆಯಲ್ಲಿ ಅಂಗುಲಕ್ಕೆ ಸುಮಾರು 96 ಚುಕ್ಕೆ, ಲೇಸರ್ ಪ್ರಿಂಟರ್‌ನಲ್ಲಿ 600. ಸಣ್ಣ ಅಕ್ಷರವನ್ನು ಕಾಗದದ ಮೇಲೆ ನೋಡಿಯೇ ತೀರ್ಮಾನಿಸಿ.

ಮಾತೃಭಾಷೆಯಲ್ಲಿ ಬರೆದದ್ದು ಇನ್ನೊಂದು ಕಂಪ್ಯೂಟರಿಗೆ ಹೋದೊಡನೆ ಅಳಿಸಿಹೋಗುವ ಸ್ಥಿತಿಯನ್ನು ನಾವು ಒಪ್ಪಿಕೊಳ್ಳಬಾರದು. ಜಾತ್ರೆಯ ಕರಪತ್ರವಿರಲಿ, ಸಹಕಾರ ಸಂಘದ ನೋಟಿಸಿರಲಿ, ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಫಾಂಟ್ ಅಡಕವಾದ ಪಿಡಿಎಫ್ ಕೊಡಿ. ಪೂರ್ತಿ ಪ್ರತಿಗಳಿಗೆ ಹೇಳುವ ಮುನ್ನ ಒಂದೇ ಒಂದು ಪ್ರತಿ ತೆಗೆಸಿ, ಅಕ್ಷರ ಬಿಡದೆ ಓದಿ ನೋಡಿ.